ಬಾಜೂದವರ ಮಾತು

ಸಯನ್‌ನ ನಮ್ಮ ಹೈಸ್ಕೂಲಿನಲ್ಲಿ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಹತ್ತಿರ ಬಂತೆಂದರೆ ನನ್ನ ಗಣಿತದ ಪಿರಿಯಡ್ಡುಗಳಿಗೆ ಗ್ರಹಣ ಹಿಡಿಯುತ್ತಿತ್ತು. ನಾಟಕ ಕಲಿಸುವ ಕನ್ನಡ ಮಾಸ್ತರು ಬಾಗಿಲಲ್ಲಿ ನಿಂತು, ನನ್ನನ್ನು ಒಂದು ಮಾತೂ ಕೇಳದೆ, ಬೆರಳಾಡಿಸಿ ಅರ್ಧ ಕ್ಲಾಸನ್ನೇ ಎಬ್ಬಿಸಿಕೊಂಡು ಹೋಗುತ್ತಿದ್ದರು. ಹೆಗಲ ಮೇಲೆ ಯಾವುದೋ ರಾಜನ ಶಲ್ಯ, ತುಟಿಗಳ ನಡುವೆ ಸೇಫ್ಟಿ ಪಿನ್ನು.

ಅವರ ಪದ್ಧತಿಯಂತೂ ತಲೆ ಕೆಡಿಸುವಂಥದ್ದು. ತನ್ನ ಮಾತಿಗಿಂತ ಮೊದಲು ಪಕ್ಕದವರ ಮಾತು ಬಾಯಿಪಾಠವಾಗಬೇಕು.

“ಸರ್, ಮೇರಾ ಡೈಲಾಗ್ ಯಾವಾಗ ಕಲಿಯೋದು?” ರಾಣಿಯ ಪಾತ್ರದ ಹುಡುಗಿ ಅಳುತ್ತಿದ್ದಳು.

“ನಿಂದು ನಿನಗ ಬಂದ ಬರ್ತದ. ಮದ್ಲ ಬಾಜೂದವರದು ಕಲಿ.”

ಆಮೇಲೆ ನನ್ನ ಕ್ಲಾಸಿನಲ್ಲಿ ಒಬ್ಬನನ್ನು ಪ್ರಮೇಯ ಕೇಳಿದರೆ ಇಡೀ ಬೆಂಚು ಅವನಿಗೆ ಉತ್ತರ ಪಿಸುಗುಟ್ಟುತ್ತಿತ್ತು. ದೂರು ಹೇಳಿದರೆ ಮಾಸ್ತರು ಪಿನ್ನು ಕಚ್ಚಿಕೊಂಡೇ ನಕ್ಕರು.

ಒಂದು ವರ್ಷ ಗ್ಯಾದರಿಂಗಿನ ವಂದನಾರ್ಪಣೆ ನನ್ನ ಪಾಲಿಗೆ ಬಂತು. ಸ್ಟಾಫ್ ರೂಮಿನಲ್ಲಿ ವಾರವಿಡೀ ಗಟ್ಟಿಯಾಗಿ ಅಭ್ಯಾಸ ಮಾಡಿ, ಚೀಟಿಯಿಲ್ಲದೆ ಮೈಕಿನ ಮುಂದೆ ಹೋಗಿ ನಿಂತೆ. ಎರಡನೆಯ ವಾಕ್ಯಕ್ಕೇ ಮುಂದಿನದು ಮರೆತುಹೋಯಿತು. ಆಗ ಪರದೆಯ ಸಂದಿಯಿಂದ ಕಿರೀಟದ ರಾಣಿ, ಮೀಸೆ ಅಂಟಿಸಿಕೊಂಡ ಸೈನಿಕರು, ಎಲ್ಲರೂ ಸೇರಿ ನನ್ನ ಭಾಷಣವನ್ನು ನನಗೇ ಪಿಸುಗುಟ್ಟಿದರು. ಕೊನೆಯ ನಮಸ್ಕಾರದವರೆಗೂ ಬಿಡಲಿಲ್ಲ.

ಪರದೆಯ ಹಿಂದೆ ಹೋದವಳೇ ಮಾಸ್ತರರ ಮೇಲೆ ಹರಿಹಾಯ್ದೆ. “ಸ್ಟಾಫ್ ರೂಮಿನ ಬಾಗಿಲಲ್ಲಿ ಹುಡುಗರನ್ನ ಕದ್ದು ಕೇಳೋಕೆ ನಿಲ್ಲಿಸಿದ್ರಾ? ನನ್ನ ಭಾಷಣಾನೂ ಬಿಡ್ಲಿಲ್ವಾ ನೀವು?”

ಅವರು ಮೊದಲ ಸಲ ತುಟಿಯಿಂದ ಪಿನ್ನು ತೆಗೆದರು.

“ಮತ್ತೇನ್ ಮಾಡ್ಲಿ ಮೇಡಂ? ನಿಮ್ಮ ಬಾಜೂಕ ಯಾರೂ ಇರ್ಲಿಲ್ಲಲ್ರಿ.”