ಬನ್ನಿನ ವ್ಯಾನಿನಲ್ಲಿ ಒಂದು ಮಡಕೆ ನೀರು

"ಯಾಕೆ ಸಾರ್, ನಿಮ್ಗೆ ಮನೆ ಇಲ್ವಾ?"

ಭದ್ರಾವತಿಯಲ್ಲಿ ಬೇಕರಿ ನಡೆಸುವ ದೊರೆಸ್ವಾಮಿಯವರು ಕಳೆದ ತಿಂಗಳು ನನ್ನನ್ನು ಹೀಗೆ ಕೇಳಿದಾಗ ಅವರ ಕಣ್ಣುಗಳಲ್ಲಿ ನಿಜವಾದ ಕನಿಕರವಿತ್ತು. ಅವರು ತಮ್ಮ ಹಳೆಯ ವ್ಯಾನನ್ನು ಮಾರುವವರಿದ್ದರು. ನಾನು ಕೊಳ್ಳಲು ಹೋಗಿದ್ದೆ. ಅಲ್ಲಿಯವರೆಗೆ ಎಲ್ಲವೂ ಕ್ರಮವಾಗಿಯೇ ಇತ್ತು. "ಏನು ವ್ಯಾಪಾರ ಸಾರ್? ಸೋಡಾನಾ, ಜವಳಿನಾ?" ಎಂದು ಅವರು ವಿಚಾರಿಸಿದರು. ನಾನು ಸತ್ಯವನ್ನೇ ನುಡಿದೆ.

"ವ್ಯಾಪಾರಕ್ಕಲ್ಲ. ಒಳಗೆ ಮಲಗುವುದಕ್ಕೆ."

ಅವರು ಒಳಮನೆಯ ಕಡೆಗೆ ತಿರುಗಿ ತಮಿಳಿನಲ್ಲಿ ಏನನ್ನೋ ಹೇಳಿದರು. ಅವರ ಪತ್ನಿ ಹೊರಗೆ ಬಂದು, ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ ಒಳಗೆ ಹೋದರು.

ನನಗೆ ಮನೆಯಿದೆ. ಶಿವಮೊಗ್ಗೆಯ ದುರ್ಗಿಗುಡಿಯಲ್ಲಿ ಎರಡು ಕೋಣೆಗಳ ಬಾಡಿಗೆ ಮನೆ; ಅಲ್ಲಿ ನಾನು ಮತ್ತು ನನ್ನ ಅವ್ವ ವಾಸವಾಗಿದ್ದೇವೆ. ಹೈಸ್ಕೂಲಿನಲ್ಲಿ ಉಪಾಧ್ಯಾಯನಾಗಿದ್ದೇನೆ. ಹಾಗಿದ್ದರೆ ಈ ಹುಚ್ಚೇಕೆ? ವಾಚಕರು ಕೇಳುವುದು ನ್ಯಾಯವೇ.

ನಮ್ಮ ವಾಚನಾಲಯಕ್ಕೆ ಬರುವ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಒಂದು ಚಿತ್ರವನ್ನು ನೋಡಿದೆ. ಬಿಳಿಯ ದೊರೆಯೊಬ್ಬನೂ ಅವನ ಹೆಂಡತಿಯೂ ಒಂದು ವ್ಯಾನಿನೊಳಗೆ ಕುಳಿತಿದ್ದಾರೆ. ಒಳಗೆ ಹಾಸಿಗೆ ಇದೆ, ಸ್ಟೌ ಇದೆ, ಕಿಟಕಿಗೆ ಹೂವಿನ ಪರದೆ ಇದೆ. ನಾಯಿಗೂ ಒಂದು ಮೂಲೆಯಿದೆ! ಅಲ್ಲಿನ ಜನ ರಜೆಯಲ್ಲಿ ಹೀಗೆ ಮನೆಯನ್ನೇ ಚಕ್ರದ ಮೇಲೆ ಇಟ್ಟುಕೊಂಡು ಊರೂರು ಸುತ್ತುತ್ತಾರಂತೆ. ಏಕೆ? ಪ್ರಕೃತಿಸೌಂದರ್ಯದ ಸವಿಗಾಗಿ, ಎಂದು ಲೇಖಕರು ಬರೆದಿದ್ದರು.

ನನಗೆ ಹೊಳೆದ ಕಾರಣ ಬೇರೆ.

ನಾಲ್ಕು ವರ್ಷಗಳ ಹಿಂದೆ ಮೈಸೂರಿನಲ್ಲಿ ನನಗೆ ಪದವಿಪ್ರದಾನವಾಯಿತು. ನಮ್ಮ ವಂಶದಲ್ಲಿ ಅದಕ್ಕೆ ಮುಂಚೆ ಹೈಸ್ಕೂಲಿನ ಮೆಟ್ಟಿಲನ್ನು ಹತ್ತಿದವರೂ ಇರಲಿಲ್ಲ. ಅವ್ವನನ್ನು ಜೊತೆಯಲ್ಲಿ ಕರೆದುಕೊಂಡು ಹೋದೆ. ಆಕೆಗೆ ನನ್ನ ಪದವಿಗಿಂತಲೂ ಕನ್ನಂಬಾಡಿ ಕಟ್ಟೆಯನ್ನು ನೋಡುವ ಆಸೆ ದೊಡ್ಡದಾಗಿತ್ತು. ನಮ್ಮ ತಂದೆ ಮದುವೆಗೆ ಮುಂಚೆ ಆ ಕಟ್ಟೆಯ ಕೆಲಸದಲ್ಲಿ ಕಲ್ಲು ಹೊತ್ತವರು. "ಅದ್ರೊಳಗೆ ನನ್ ಕಲ್ಲೂ ಅವೆ" ಎಂದು ಸಾಯುವವರೆಗೂ ಹೇಳುತ್ತಿದ್ದರು. ಆ ಕಲ್ಲುಗಳನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದು ಅವ್ವನ ಹಟ. ಸಮಾರಂಭ ಮುಗಿಸಿಕೊಂಡು, ಒಂದು ರಾತ್ರಿ ಛತ್ರದಲ್ಲಿ ತಂಗಿ, ಬೆಳಗ್ಗೆ ಬಸ್ಸು ಹತ್ತುವುದೆಂದು ನಿಶ್ಚಯಿಸಿದೆವು.

ಛತ್ರದ ಗುಮಾಸ್ತರು ಬಹಳ ಸಭ್ಯರು. ಕುಳಿತುಕೊಳ್ಳಲು ಬೆಂಚು ತೋರಿಸಿದರು. ರಿಜಿಸ್ಟರು ತೆರೆದರು. "ತಮ್ಮ ಹೆಸರು?" ಎಂದರು, ಬರೆದುಕೊಂಡರು. "ಊರು?" ಬರೆದುಕೊಂಡರು. "ತಮ್ಮದು ಯಾವ ಪೈಕಿ?" ಎಂದರು.

ಹೇಳಿದೆ. ಲೇಖನಿ ನಿಂತಿತು.

ಅಸ್ಪೃಶ್ಯತೆಯ ವಿರುದ್ಧ ಕಾನೂನು ಬಂದಿದೆಯಷ್ಟೆ. ಆದ್ದರಿಂದ ಅವರು ಕೊಡುವುದಿಲ್ಲವೆಂದು ಹೇಳಲಿಲ್ಲ. "ಅಯ್ಯೋ, ಎಲ್ಲಾ ಭರ್ತಿಯಾಗಿಬಿಟ್ಟಿದೆಯಲ್ಲ!" ಎಂದು ಪೇಚಾಡಿಕೊಂಡರು. ಅರ್ಧ ಬರೆದ ಸಾಲಿನ ಮೇಲೆ ಮಸಿ ಹೀರುವ ಕಾಗದವನ್ನು ಒತ್ತಿ, ರಿಜಿಸ್ಟರನ್ನು ಮೆಲ್ಲಗೆ ಮುಚ್ಚಿದರು. ನಮ್ಮ ಹಿಂದೆ ಬಂದವರಿಗೆ ಕೋಣೆ ಸಿಕ್ಕಿತು.

ಅವ್ವನೂ ನಾನೂ ರೈಲ್ವೆ ಸ್ಟೇಷನ್ನಿನಲ್ಲಿ ಕಾಲ ಕಳೆದು, ಮೊದಲ ರೈಲಿಗೇ ಶಿವಮೊಗ್ಗೆಗೆ ಹಿಂತಿರುಗಿದೆವು. ಕನ್ನಂಬಾಡಿ ಅಲ್ಲಿಂದ ಒಂದೇ ಬಸ್ಸಿನ ಪ್ರಯಾಣದಷ್ಟು ದೂರವಿತ್ತು. "ಸಾಕು ಕಣಪ್ಪ. ಇನ್ ನಾನು ಎಲ್ಲಿಗೂ ಬರಲ್ಲ" ಎಂದಳು ಅವ್ವ. ಅಂದಿನಿಂದ ಊರಿನ ಗಡಿಯನ್ನು ದಾಟಿದವಳಲ್ಲ.

ಗುಮಾಸ್ತರಿಗೆ ನಾನು ಕೊಟ್ಟ ಉತ್ತರವೇನೆಂದು ತಿಳಿಯುವ ಕುತೂಹಲ ತಮಗೂ ಆಯಿತೇ? ಕ್ಷಮಿಸಿ, ಅದನ್ನು ಇಲ್ಲಿ ಬರೆಯುವುದಿಲ್ಲ. (ಕುತೂಹಲಪಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವ ಯೋಗ್ಯತೆ ನನಗಿಲ್ಲವೆಂಬುದು ಮುಂದೆ ಓದಿದರೆ ತಿಳಿಯುತ್ತದೆ.)

ಪತ್ರಿಕೆಯ ಚಿತ್ರವನ್ನು ನೋಡಿದಾಗ ನನಗೆ ಹೊಳೆದದ್ದು ಇಷ್ಟೇ: ಮಲಗುವ ಕೋಣೆಯನ್ನು ನಾವೇ ಕೊಂಡೊಯ್ದರೆ, ರಿಜಿಸ್ಟರು ತೆರೆಯುವವರು ಯಾರು?

ವ್ಯಾನನ್ನು ಪರೀಕ್ಷಿಸಲು ನನ್ನೊಡನೆ ಭದ್ರಾವತಿಗೆ ಬಂದಿದ್ದವರು ಗಫೂರ್ ಸಾಹೇಬರು. ಅವರು ಶಿವಮೊಗ್ಗೆಯಲ್ಲಿ ಮೋಟಾರು ರಿಪೇರಿಯ ಷೆಡ್ಡು ಇಟ್ಟುಕೊಂಡಿದ್ದಾರೆ; ಅವರ ಮಗನಿಗೆ ನಾನು ಲೆಕ್ಕ ಹೇಳಿಕೊಟ್ಟಿದ್ದೇನೆ. ಅವರು ವ್ಯಾನಿನ ಅಡಿಗೆ ತೂರಿಕೊಂಡು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದ ಮೇಲೆ ತೀರ್ಪು ಕೊಟ್ಟರು.

"ಎಂಜಿನ್ ಮುದುಕ ಮೇಷ್ಟ್ರೇ. ಆದ್ರೆ ಕಿವಿ ಇನ್ನೂ ಕೇಳ್ಸುತ್ತೆ. ಕೂಗಿದ್ರೆ ಏಳ್ತಾನೆ."

ಅದು ಯುದ್ಧಕಾಲದ ವ್ಯಾನು. ಬೆನ್ನಿನ ಮೇಲೆ ಕಿಟಕಿಯಿಲ್ಲದ ಒಂದು ದೊಡ್ಡ ಪೆಟ್ಟಿಗೆ, ಹಿಂದುಗಡೆ ಒಂದೇ ಬಾಗಿಲು. ಒಳಗೆ ಎರಡು ಪಕ್ಕಗಳಲ್ಲಿಯೂ ಬನ್ನಿನ ತಟ್ಟೆಗಳನ್ನು ಜೋಡಿಸುವ ಮರದ ಅಟ್ಟಣೆಗಳು. ಹೊರಗಡೆ ಹಳದಿ ಬಣ್ಣದ ಮೇಲೆ ಕೆಂಪು ಅಕ್ಷರಗಳು: ಬಿಸಿ ಬಿಸಿ ಬನ್. ವ್ಯಾನಿನ ಜೊತೆಗೆ ಬೇಕರಿಯ ವಾಸನೆ ಉಚಿತವಾಗಿ ಬಂತು. ಇರುವೆಗಳೂ ಬಂದವು.

ಮೂರು ವಾರ ಗಫೂರ್ ಸಾಹೇಬರ ಷೆಡ್ಡಿನಲ್ಲಿ ಕೆಲಸ ನಡೆಯಿತು. ನಾನು ಪತ್ರಿಕೆಯ ಚಿತ್ರವನ್ನು ಕಾಗದದ ಮೇಲೆ ಅಳತೆ ಸಹಿತ ಬರೆದುಕೊಂಡು ಹೋಗಿದ್ದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಈ ಮೇಮ್‌ಸಾಬ್ ಬಾಗ್ಲು ಹಾಕ್ಕೊಂಡು ಒಲೆ ಹಚ್ಚಿದಾಳಲ್ಲ, ಗಾಳಿಗೆ ದಾರಿ ಎಲ್ಲಿ?"

ನಾನು ಅದನ್ನು ಯೋಚಿಸಿರಲಿಲ್ಲ. (ಪದವೀಧರನಾದವನು ಯೋಚಿಸಬೇಕಾಗಿತ್ತು.) ಅವರು ತಗಡನ್ನು ಕತ್ತರಿಸಿ ಎರಡು ಕಿಟಕಿಗಳನ್ನಿಟ್ಟರು. ಒಂದು ಪಕ್ಕದ ಅಟ್ಟಣೆಯನ್ನು ಕಳಚಿ ಅಗಲವಾದ ಹಲಗೆ ಹಾಸಿದರು, ಅದು ಮಂಚವಾಯಿತು. ಇನ್ನೊಂದು ಪಕ್ಕದಲ್ಲಿ ಸೀಮೆಎಣ್ಣೆಯ ಸ್ಟೌ, ಪಾತ್ರೆಗಳು, ನನ್ನ ಎರಡು ಪುಸ್ತಕ.

ಒಂದು ಸಂಜೆ ಅವ್ವ ಷೆಡ್ಡಿಗೆ ಬಂದು ಇಣುಕಿ ನೋಡಿದಳು. ಮಂಚವನ್ನು ನೋಡಲಿಲ್ಲ, ಕಿಟಕಿಯನ್ನು ನೋಡಲಿಲ್ಲ. "ನೀರಿಗೆ ಎಲ್ಲಿ ಜಾಗ?" ಎಂದಳು.

"ದಾರಿಯಲ್ಲಿ ಸಿಗುತ್ತದಲ್ಲ ಅವ್ವ."

"ಯಾರ್ ಬಾವಿ ಹತ್ರಾನೂ ನಾನು ನಿಲ್ಲಲ್ಲ. ನಮ್ ಮಡಕೆ ನಮ್ ಜೊತೆ ಬರ್ಬೇಕು."

ಓಡುವ ವ್ಯಾನಿನಲ್ಲಿ ಮಣ್ಣಿನ ಮಡಕೆಯೇ? ನಾನು ಕೈಚೆಲ್ಲಿದೆ. ಗಫೂರ್ ಸಾಹೇಬರು ಮೂಲೆಯ ಗುಜರಿಯಲ್ಲಿ ತಡಕಾಡಿ ಒಂದು ಹಳೆಯ ಸ್ಟೇರಿಂಗ್ ಚಕ್ರವನ್ನು ಎಳೆದು ತಂದರು. ನಡುವಿನ ಕಡ್ಡಿಗಳನ್ನು ಗರಗಸದಿಂದ ಕೊಯ್ದು, ಬಳೆಯನ್ನು ಅಟ್ಟಣೆಗೆ ಬೋಲ್ಟು ಹಾಕಿ ಬಿಗಿದರು. ಮಡಕೆ ಅದರಲ್ಲಿ ಅಳತೆ ಕೊಟ್ಟು ಮಾಡಿಸಿದಂತೆ ಕುಳಿತಿತು.

"ಸಾಬ್ರೇ, ನೀವು ಭಾಳ ಬುದ್ಧಿವಂತ್ರು" ಎಂದಳು ಅವ್ವ.

"ಅದ್ರಲ್ಲೇನಿದೆ ಅಮ್ಮಾ. ಇನ್ಮೇಲೆ ಗಾಡಿ ಓಡ್ಸೋದು ನಾನು, ಸ್ಟೇರಿಂಗ್ ನಿಮ್ದು."

ನಾಲ್ಕು ವರ್ಷಗಳಲ್ಲಿ ಪ್ರಯಾಣದ ಮಾತಿಗೆ ಅವ್ವ ನಕ್ಕದ್ದು ಅದೇ ಮೊದಲು.

ಆ ದಿನ ನಾನು ಕುತೂಹಲ ತಡೆಯಲಾರದೆ ಕೇಳಿದೆ: "ಸಾಹೇಬರೇ, ಲಾರಿಯಲ್ಲಿ ನೀವು ಎಷ್ಟೋ ಊರು ತಿರುಗಿದ್ದೀರಿ. ನಿಮ್ಮನ್ನು ಯಾರಾದರೂ ಯಾವ ಪೈಕಿ ಎಂದು ಕೇಳಿದ್ದಾರೆಯೇ?"

"ಕೇಳೋದ್ಯಾಕೆ? ಟೋಪಿ ನೋಡಿದ್ರೆ ಗೊತ್ತಾಗುತ್ತಲ್ಲ!" ಎಂದು ಅವರು ನಕ್ಕರು. "ನಿಮ್ಗೆ ಬಾಯಲ್ಲಿ ಕೇಳ್ತಾರೆ ಮೇಷ್ಟ್ರೇ. ನಮ್ಗೆ ಕಣ್ಣಲ್ಲೇ ಖತಂ."

ಅವ್ವ ಒಂದು ಷರತ್ತು ಹಾಕಿದಳು. ಮೊದಲು ಹತ್ತಿರದಲ್ಲಿ ಎಲ್ಲಿಗಾದರೂ ಹೋಗಿ ಬರಬೇಕು. ಮನಸ್ಸಿಗೆ ಬಂದರೆ ಕನ್ನಂಬಾಡಿ. ಇಲ್ಲವಾದರೆ ಆ ಮಾತನ್ನು ಇನ್ನೆಂದೂ ಎತ್ತಕೂಡದು. ಹೀಗಾಗಿ ಹೋದ ಭಾನುವಾರ ನಾವು ಕುಂಸಿಯ ಕಡೆಗೆ ಹೊರಟೆವು. ಗಫೂರ್ ಸಾಹೇಬರು ಹ್ಯಾಂಡಲು ತಿರುಗಿಸಿ ಮುದುಕನನ್ನು ಎಬ್ಬಿಸಿದರು. ದಾರಿಯುದ್ದಕ್ಕೂ ಜನ ಕೈ ಅಡ್ಡ ಹಿಡಿದು, "ಬನ್ ಎಷ್ಟಕ್ಕೆ?" ಎಂದು ಕೇಳುತ್ತಿದ್ದರು. ಮೊದಲ ಇಬ್ಬರಿಗೆ ನಾನು ವ್ಯಾನನ್ನು ನಿಲ್ಲಿಸಲು ಹೇಳಿ ಪೂರ್ತಿ ವಿವರಣೆ ಕೊಟ್ಟೆ. ಆಮೇಲೆ ಗಫೂರ್ ಸಾಹೇಬರು, "ಖಾಲಿ! ಖಾಲಿ!" ಎಂದು ಕೂಗುತ್ತ ಮುಂದಕ್ಕೆ ನಡೆಸಿದರು.

ಕುಂಸಿಗೆ ಇನ್ನೂ ಸ್ವಲ್ಪ ದೂರವಿರುವಾಗ ಹುಣಸೆಮರವೊಂದರ ನೆರಳಿನಲ್ಲಿ ನಿಂತೆವು. ಸುಡುಬಿಸಿಲು. ಅವ್ವ ಸ್ಟೌ ಹಚ್ಚಿ ಉಪ್ಪಿಟ್ಟು ಮಾಡಿದಳು. ಹಿಂಬಾಗಿಲಿನಲ್ಲಿ ಕಾಲು ಇಳಿಬಿಟ್ಟು ಕುಳಿತು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ತಿಂದಳು.

"ಚೆನ್ನಾಗೈತೆ ಕಣೋ ಇದು. ಯಾರ್ ಜಗುಲಿನೂ ಅಲ್ಲ."

ಪರೀಕ್ಷೆಯಲ್ಲಿ ನಾನು ಪಾಸಾದೆನೆಂದುಕೊಂಡೆ.

ಅಷ್ಟರಲ್ಲಿ ರಸ್ತೆಯಲ್ಲಿ ತಲೆಯ ಮೇಲೆ ಮೂಟೆ ಹೊತ್ತುಕೊಂಡು ಒಬ್ಬ ಬಂದ. ಐವತ್ತರ ಹತ್ತಿರದ ವಯಸ್ಸು. ಮೂಟೆಯನ್ನು ಇಳಿಸಿ, ವ್ಯಾನಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದ.

"ಬನ್ ಐತಾ ಸ್ವಾಮಿ?"

"ಖಾಲಿ ಆಯ್ತು ಯಜಮಾನ್ರೇ" ಎಂದರು ಗಫೂರ್ ಸಾಹೇಬರು.

ಆತ ಬಾಗಿಲಿನೊಳಗೆ ನೋಡಿದ. ಬಳೆಯಲ್ಲಿ ಕುಳಿತ ಮಡಕೆ ಕಾಣಿಸಿತು. "ಹೋಗ್ಲಿ, ಒಂದ್ ಗುಟುಕು ನೀರಾದ್ರೂ ಕೊಡಿ."

ಅವ್ವ ಚೊಂಬಿಗೆ ಕೈಹಾಕಿದಳು. ಅಷ್ಟರಲ್ಲಿ ಒಂದು ಧ್ವನಿ ಕೇಳಿಸಿತು. ಸಭ್ಯವಾದ ಧ್ವನಿ, ಶುದ್ಧವಾದ ಉಚ್ಚಾರಣೆ.

"ತಮ್ಮದು ಯಾವ ಪೈಕಿ?"

ಕೇಳಿದವನು ನಾನು.

ಏಕೆ ಕೇಳಿದೆ? ಒಂದು ವಾರದಿಂದ ಇದನ್ನೇ ಯೋಚಿಸುತ್ತಿದ್ದೇನೆ. ಅವಮಾನಿಸುವ ಉದ್ದೇಶ ನನಗಿರಲಿಲ್ಲ, ನಾನು ಹೆದರಿದ್ದೆ. ಕುಡಿದಾದ ಮೇಲೆ ಆತನೇ ನಮ್ಮನ್ನು ಆ ಪ್ರಶ್ನೆ ಕೇಳಿದರೆ? ಉತ್ತರ ಕೇಳಿ ಅವ್ವನ ಎದುರಿಗೆ ಚೊಂಬನ್ನು ನೆಲಕ್ಕೆ ಕುಕ್ಕಿದರೆ? ಉಗುಳಿದರೆ? ಹಾಗೆ ಮಾಡಿದವರನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಮೊದಲೇ ತಿಳಿದುಕೊಂಡರೆ ಇಬ್ಬರಿಗೂ ಕ್ಷೇಮವಲ್ಲವೇ? ಇಷ್ಟೂ ಯೋಚನೆ ಅರೆನಿಮಿಷದಲ್ಲಿ ಬಂದು ಹೋಗಿತ್ತು. ಛತ್ರದ ಗುಮಾಸ್ತರ ಮನಸ್ಸಿನಲ್ಲಿಯೂ ಏನಾದರೂ ಕಾರಣವಿತ್ತೋ ಏನೋ. ಯಾರಿಗೆ ಗೊತ್ತು? ಅವರ ಕಾರಣ ಅವರಿಗೆ, ನನ್ನ ಕಾರಣ ನನಗೆ. ಎದುರಿಗೆ ನಿಂತವನಿಗೆ ಕೇಳಿಸುವುದು ಪ್ರಶ್ನೆಯೊಂದೇ.

ಆತ ನನ್ನ ಇಸ್ತ್ರಿಯ ಷರಟನ್ನು ನೋಡಿದ. ಕನ್ನಡಕವನ್ನು ನೋಡಿದ. ಮತ್ತೊಮ್ಮೆ ಮಡಕೆಯನ್ನು ನೋಡಿದ. ಸಿಟ್ಟಾಗಲಿಲ್ಲ. ಮೂಟೆಯನ್ನು ತಲೆಗೇರಿಸಿಕೊಂಡ.

"ಬ್ಯಾಡ ಬಿಡಿ ಸ್ವಾಮಿ. ಮುಂದೆ ಕೆರೆ ಐತೆ."

"ಅಯ್ಯಾ, ನಿಲ್ಲಿ" ಎನ್ನಬೇಕಾಗಿತ್ತು. ಎನ್ನಲಿಲ್ಲ. ಅವ್ವನ ಕೈಯಲ್ಲಿದ್ದ ತುಂಬಿದ ಚೊಂಬನ್ನು ಕಸಿದುಕೊಂಡು ರಸ್ತೆಗೆ ಓಡಿದವರು ಗಫೂರ್ ಸಾಹೇಬರು. ಸ್ವಲ್ಪ ಹೊತ್ತಿಗೆ ಚೊಂಬನ್ನು ಹಾಗೆಯೇ ಹಿಡಿದುಕೊಂಡು ಹಿಂತಿರುಗಿದರು. "ಗದ್ದೆ ದಾರಿ ಹಿಡಿದ್ಬಿಟ್ಟ. ಕೂಗಿದ್ರೂ ತಿರುಗ್ಲಿಲ್ಲ" ಎಂದರು. ನನ್ನ ಮುಖವನ್ನು ನೋಡದೆ ಹೋಗಿ ಬಾನೆಟ್ಟು ತೆರೆದರು. ಅದರೊಳಗೆ ರಿಪೇರಿಗೆ ಏನೂ ಇರಲಿಲ್ಲ.

ಅವ್ವ ಚೊಂಬಿನ ನೀರನ್ನು ಮಡಕೆಗೆ ಮತ್ತೆ ಸುರಿಯಲಿಲ್ಲ. ಹುಣಸೆಮರದ ಬುಡಕ್ಕೆ ಚೆಲ್ಲಿದಳು.

"ಛತ್ರದ ಗುಮಾಸ್ತ ನಿಂಗೆ ಚೆನ್ನಾಗಿ ಪಾಠ ಹೇಳ್ಕೊಟ್ಟವ್ನೆ ಕಣೋ. ನಾಲ್ಕ್ ವರ್ಷ ಆದ್ರೂ ಒಂದಕ್ಷರ ಮರ್ತಿಲ್ಲ ನೀನು."

ಹಿಂತಿರುಗುವಾಗ ಕನ್ನಂಬಾಡಿಯ ಮಾತು ಮುಗಿಯಿತೆಂದೇ ನಾನು ತಿಳಿದೆ. ಷರತ್ತು ಹಾಕಿದವಳು ಅವ್ವ, ಸೋತವನು ನಾನು. ದುರ್ಗಿಗುಡಿಯಲ್ಲಿ ಇಳಿದು, ಮಡಕೆಯನ್ನು ಸೊಂಟಕ್ಕೆ ಇಟ್ಟುಕೊಂಡು ಅವಳೇ ಕೇಳಿದಳು.

"ಕನ್ನಂಬಾಡಿಗೆ ಯಾವತ್ತು?"

"ಬರ್ತೀಯಾ ಅವ್ವ?"

"ಬರ್ತೀನಿ. ಹಿಂದ್ಗಡೆ ಬಾಗ್ಲಲ್ಲಿ, ಮಡಕೆ ಪಕ್ಕ ನಾನು ಕೂರ್ತೀನಿ. ನೀನು ಮುಂದೆ ಸಾಬ್ರ ಪಕ್ಕ ಕೂತ್ಕೊಂಡು ದಾರಿ ನೋಡ್ಕೋ."

ಬೇಸಗೆಯ ರಜೆ ಬಂದ ಕೂಡಲೇ ಹೊರಡುವುದೆಂದು ತೀರ್ಮಾನವಾಗಿದೆ. ಹೊರಗಿನ ಅಕ್ಷರಗಳನ್ನು ಅಳಿಸಿ ಹೊಸ ಬಣ್ಣ ಹಚ್ಚಲೇ ಎಂದು ಗಫೂರ್ ಸಾಹೇಬರು ಕೇಳಿದರು. ಅವ್ವ ಬೇಡವೆಂದಳು. ಹೊರಡುವಾಗ ಒಂದು ಬುಟ್ಟಿ ಬನ್ನು ಇಟ್ಟುಕೊಳ್ಳಬೇಕಂತೆ, ಬರೆದ ಮೇಲೆ ಕೇಳಿದವರಿಗೆ ಕೊಡಬೇಕಲ್ಲ ಎನ್ನುತ್ತಾಳೆ. (ದೊರೆಸ್ವಾಮಿಯವರಿಗೆ ಇದು ತಿಳಿದರೆ ಅವರ ಕನಿಕರ ಇನ್ನೂ ಹೆಚ್ಚಾಗಬಹುದು.)

ನಿನ್ನೆ ಬೆಳಗ್ಗೆ ಮನೆಯಲ್ಲಿ ಅದೇ ಮಡಕೆಗೆ ನೀರು ತುಂಬುತ್ತಿದ್ದವಳು ಕೈ ನಿಲ್ಲಿಸಿ, "ಆ ಮನುಷ್ಯನ ಹೆಸ್ರೇನೋ?" ಎಂದಳು.

ನನಗೆ ತಿಳಿಯದು. ನಾನು ಕೇಳಲೇ ಇಲ್ಲ.

ಛತ್ರದ ಗುಮಾಸ್ತರು ಸಹ ಮೊದಲು ಹೆಸರನ್ನು ಕೇಳಿದ್ದರಲ್ಲವೇ?