ಒಮ್ಮೆಯೂ ನಿಲ್ಲದ ಲೈನು

ನಾಚಾರಂನ ಪಂಪ್ ಕಾರ್ಖಾನೆಯೊಂದರಲ್ಲಿ ನಾನು ಸ್ಟೋರ್ ನೋಡಿಕೊಳ್ಳುತ್ತೇನೆ. ನೋಡಿಕೊಳ್ಳುತ್ತೇನೆ ಎನ್ನುವುದು ಈಗ ಬರೀ ಬಾಯಿಮಾತು. ನಿಜವಾಗಿ ನೋಡಿಕೊಳ್ಳುವುದು ಡಬ್ಬಿಗಳ ಕೆಳಗೆ ಕೂರಿಸಿರುವ ತೂಕ ಅಳೆಯುವ ಯಂತ್ರದ ತಟ್ಟೆಗಳು. ಬೋಲ್ಟು, ನಟ್ಟು, ವಾಷರ್ ಕಡಿಮೆಯಾದರೆ ತೂಕ ಇಳಿಯುತ್ತದೆ, ತೂಕ ಇಳಿದರೆ ಸಪ್ಲೈಯರನಿಗೆ ಆರ್ಡರ್ ತಾನಾಗಿಯೇ ಹೋಗುತ್ತದೆ. ಅವನ ಆಳುಗಳೇ ಬಂದು ಡಬ್ಬಿ ತುಂಬಿಸಿ ಹೋಗುತ್ತಾರೆ. ನಾನು ಕಂಪ್ಯೂಟರಿನ ಮುಂದೆ ಕೂತು ಹಸಿರು ಬಣ್ಣ ನೋಡುತ್ತೇನೆ.

ಮೊದಲು ಡಬ್ಬಿ ನೋಡಿ ತುಂಬಿಸುವ ಈ ಕೆಲಸ ಅಕ್ಕನದಾಗಿತ್ತು. ಒಡಹುಟ್ಟಿದವಳಲ್ಲ. ಯಾದಗಿರಿ ಕಡೆಯವಳು, ನನಗಿಂತ ಹತ್ತು ವರ್ಷ ದೊಡ್ಡವಳು, ಇಡೀ ಕಾರ್ಖಾನೆಯಲ್ಲಿ ನನ್ನನ್ನು ಕನ್ನಡದಲ್ಲಿ ಬೈಯಲು ಇದ್ದ ಒಂದೇ ಜೀವ. ಗಂಡ ತೀರಿಹೋಗಿದ್ದ. ಮೆಹದಿಪಟ್ಟಣಂನಿಂದ ಎರಡು ಬಸ್ ಬದಲಿಸಿ ಬರುತ್ತಿದ್ದಳು. ಅವಳ ಮನೆಯ ಒಲೆ ಉರಿಯುತ್ತಿದ್ದದ್ದು ಈ ಕೆಲಸದಿಂದಲೇ. ದಿನಕ್ಕೆ ಆರು ಸಲ ಪಂಪ್ ಜೋಡಿಸುವ ಲೈನಿನುದ್ದಕ್ಕೂ ತಳ್ಳುಗಾಡಿ ತಳ್ಳಿಕೊಂಡು ಹೋಗುವಳು. ಡಬ್ಬಿಯೊಳಗೆ ಇಣುಕುತ್ತಿರಲಿಲ್ಲ. ಕಲ್ಲಂಗಡಿ ಬಡಿದು ನೋಡುವವರ ಹಾಗೆ ಬೆರಳ ಗೆಣ್ಣಿನಿಂದ ಒಮ್ಮೆ ಬಡಿದು, "ಇದು ಊಟದ ತನಕ ಬರತೈತಿ," ಎನ್ನುವಳು. ಅಷ್ಟೇ ಬರುತ್ತಿತ್ತು.

ಅವಳಿಗೊಂದು ಕಳ್ಳ ಅಭ್ಯಾಸವಿತ್ತು. ಮೆಟ್ಟಿಲ ಕೆಳಗೆ ಹಳೆಯ ಎಣ್ಣೆ ಡಬ್ಬಿಯೊಂದರಲ್ಲಿ ಪ್ರತಿ ಸಾಮಾನಿನದೂ ಒಂದೊಂದು ಪೊಟ್ಟಣ ಬಚ್ಚಿಡುತ್ತಿದ್ದಳು. ಹೊಸ ಮಾಲು ತಡವಾದ ದಿನ ಲೈನ್ ನಿಲ್ಲಬಾರದಲ್ಲ, ಅದಕ್ಕೆ. "ಮನ್ಯಾಗ ಜ್ವಾಳದ ಹಿಟ್ಟು ತೀರೇತಂತ ಬಂದ ಮಂದಿಗಿ ಹೇಳತಾರೇನು?" ಎನ್ನುವಳು. ನಿಯಮದ ಪ್ರಕಾರ ಅದು ತಪ್ಪು. ನಾನು ನೋಡಿಯೂ ನೋಡದವನಂತಿದ್ದೆ. ಆ ಡಬ್ಬಿಯಿಂದ ಎಷ್ಟೋ ಸಲ ನನ್ನ ಮಾನ ಉಳಿದಿತ್ತು.

ಹೊಸ ವ್ಯವಸ್ಥೆ ಕೂರಿಸಲು ಗಚ್ಚಿಬೌಲಿಯ ಆಫೀಸಿನಿಂದ ಇಬ್ಬರು ಬಂದರು. ಯಾವ ಡಬ್ಬಿ ಎಷ್ಟಕ್ಕಿಳಿದಾಗ ಆರ್ಡರ್ ಹೋಗಬೇಕು ಎಂದು ಕೇಳಿದರು. ನನಗೇನು ಗೊತ್ತು, ಮಣ್ಣು? ಅಕ್ಕನನ್ನು ಕೇಳಿ ಕೇಳಿ ಬರೆದುಕೊಟ್ಟೆ. ಅವಳು ಖುಷಿಯಿಂದಲೇ ಹೇಳಿದಳು. ಇಪ್ಪತ್ತೆರಡು ವರ್ಷದಲ್ಲಿ ಅಲ್ಲಿ ಯಾರೂ ಅವಳನ್ನು ಏನೂ ಕೇಳಿರಲಿಲ್ಲ.

ಆಮೇಲೆ ಮ್ಯಾನೇಜರ್ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. ಒಂದು ತಿಂಗಳ ಪರೀಕ್ಷೆ. ಸಾಮಾನಿಲ್ಲದೆ ಲೈನ್ ಮೂರು ಸಲ ನಿಂತರೆ ವ್ಯವಸ್ಥೆ ವಾಪಸ್. ಇಲ್ಲದಿದ್ದರೆ ತಳ್ಳುಗಾಡಿಯ ಕೆಲಸ ಇರುವುದಿಲ್ಲ. ನಿಮ್ಮದು ಇರುತ್ತದೆ, ಆದರೆ ಯಾರಿಗೂ ಹೇಳಬೇಡಿ ಎಂದರು. ಸರಿ ಎಂದೆ. ಎಷ್ಟು ಸಲೀಸಾಗಿ ಎಂದೆ.

ಆ ತಿಂಗಳು ಅಕ್ಕನಿಗೆ ಗುಡಿಸುವ ಕೆಲಸ ಕೊಟ್ಟರು, ಡಬ್ಬಿ ಮುಟ್ಟಬೇಡ ಎಂದರು. ಮೊದಲ ವಾರವೇ ಯಂತ್ರ ಎಡವಿತು. ನಮ್ಮ ಲೈನಿನವರಿಗೆ ಸ್ಪ್ಯಾನರನ್ನು ಹತ್ತಿರದ ಡಬ್ಬಿಗೆ ಎಸೆಯುವ ಚಾಳಿ. ಸ್ಪ್ಯಾನರಿನ ಭಾರಕ್ಕೆ ವಾಷರ್ ಡಬ್ಬಿ ಇನ್ನೂ ತುಂಬಿದೆ ಎಂದುಕೊಂಡ ಯಂತ್ರ ಆರ್ಡರನ್ನೇ ಕಳಿಸಲಿಲ್ಲ. ನನ್ನ ಪರದೆಯ ಮೇಲೆ ಹಸಿರು, ಡಬ್ಬಿಯಲ್ಲಿ ಹತ್ತು ವಾಷರ್. ಪೊರಕೆ ಹಿಡಿದು ಆ ಕಡೆ ಹೋದ ಅಕ್ಕ ರೂಢಿಯಂತೆ ಡಬ್ಬಿ ಬಡಿದಳು. ಮೆಟ್ಟಿಲ ಕೆಳಗಿಂದ ಪೊಟ್ಟಣ ತಂದು ಸುರಿದಳು. ಲೈನ್ ನಿಲ್ಲಲಿಲ್ಲ.

ಸ್ಟೋರಿನ ಗಾಜಿನ ಈಚೆ ನಿಂತು ನಾನು ಎಲ್ಲವನ್ನೂ ನೋಡಿದೆ. ಹೋಗಿ ಅವಳ ಕೈ ಹಿಡಿದು, ಅಕ್ಕಾ ಬಿಡು, ನಿಲ್ಲಲಿ, ನಿನ್ನ ಅನ್ನ ಅದರಲ್ಲಿದೆ ಎನ್ನಬಹುದಿತ್ತು. ಹತ್ತು ಹೆಜ್ಜೆ ದೂರ. ಹೋಗಲಿಲ್ಲ. ಲೈನ್ ನಿಂತರೆ ಮೊದಲು ನನ್ನನ್ನೇ ಕೇಳುತ್ತಾರೆಂಬ ಹೆದರಿಕೆ, ನನ್ನದಂತೂ ಉಳಿಯಲಿ ಎಂಬ ಹೊಲಸು ಆಸೆ. ಯಾವುದು ಹೆಚ್ಚಿತ್ತೆಂದು ಈಗ ಅಳೆದು ನೋಡಿ ಪ್ರಯೋಜನವಿಲ್ಲ. ತಿಂಗಳಲ್ಲಿ ಅವಳು ಐದು ಸಲ ಪೊಟ್ಟಣ ಬಿಚ್ಚಿದಳು. ಒಮ್ಮೆ ನಾನು ನೋಡುತ್ತಿರುವುದು ಕಂಡು ನಕ್ಕು, "ಹೊಸಾದು, ಪಾಪ. ಅದಕ್ಕ ಏನ್ ತಿಳೀತೈತಿ?" ಎಂದಳು. ನಾನೂ ಹುಳ್ಳಗೆ ನಕ್ಕೆ.

ತಿಂಗಳಾದ ಮೇಲೆ ಮ್ಯಾನೇಜರ್ ನಮ್ಮಿಬ್ಬರನ್ನೂ ಕರೆದರು. ಲೈನ್ ಒಮ್ಮೆಯೂ ನಿಂತಿಲ್ಲ, ಮೂರು ಸಲ ನಿಂತಿದ್ದರೆ ಬೇರೆ ಮಾತಿತ್ತು, ಇನ್ನು ನಿಮ್ಮ ಅಗತ್ಯವಿಲ್ಲ ಎಂದು ಅವಳಿಗೆ ತೆಲುಗಿನಲ್ಲಿ ಹೇಳಿದರು. ಅವಳು ಎಣ್ಣೆ ಡಬ್ಬಿಯ ಮಾತೆತ್ತುತ್ತಾಳೆಂದು ಕಾದೆ. ಎತ್ತಿದ್ದರೆ, ಕಂಡೂ ಸುಮ್ಮನಿದ್ದ ನಾನು ಸಿಕ್ಕಿಬೀಳುತ್ತಿದ್ದೆ. ಅವಳು ನನ್ನತ್ತ ಒಮ್ಮೆ ನೋಡಿ, ಹೊರಗೆ ಬಂದಳು.

ಊಟದ ಚೀಲ ಹೆಗಲಿಗೇರಿಸಿಕೊಂಡು ಗೇಟಿನ ಹತ್ತಿರ ನಿಂತಳು. "ಮೂರು ಸಲ ನಿಂತ್ರ ಅಂತ ಇತ್ತಂತಲ್ಲ. ನಿನಗ ಮೊದಲ ಗೊತ್ತಿತ್ತೇನು ತಮ್ಮಾ?"

"ಇಲ್ಲಕ್ಕಾ."

"ಹೌದು ಬಿಡು. ಗೊತ್ತಿದ್ರ ನೀ ಹೇಳದ ಇರತಿದ್ದೇನು?" ಎಂದಳು. ಎರಡು ಹೆಜ್ಜೆ ಹೋಗಿ ಮತ್ತೆ ತಿರುಗಿದಳು. "ಎಣ್ಣಿ ಡಬ್ಬ್ಯಾಗ ಇನ್ನೂ ಎರಡು ಪೊಟ್ಟಣ ಅದಾವ. ನಿನಗ ಬೇಕಾಗತಾವ, ಇಟ್ಕೋ."

ಹದಿನೈದು ದಿನದಲ್ಲಿ ಎರಡನ್ನೂ ಬಿಚ್ಚಿ ಲೈನಿಗೆ ಸುರಿದೆ. ಮ್ಯಾನೇಜರ್ ನನ್ನ ಬೆನ್ನು ತಟ್ಟಿದರು.