ಹೆತ್ತೆ ಇಟ್ಟ ಮಸಿ

ಮೊನ್ನೆ ಮೊಮ್ಮಗಳು ಕೊಯಮತ್ತೂರಿನಿಂದ ತರಿಸಿದ ಕಾಡಿಗೆಯ ಡಬ್ಬಿ ತೆರೆದು ನನ್ನ ಮೂಗಿನ ಕೆಳಗೆ ಹಿಡಿದಳು. ಹರಳೆಣ್ಣೆ ದೀಪದಲ್ಲಿ ಕಟ್ಟಿದ ಮಸಿಯಂತೆ, ಅಪ್ಪಟ ಮನೆಯದಂತೆ. ಮಸಿಯನ್ನೂ ಅಂಗಡಿಯಿಂದ ತರುವ ಕಾಲ ಬಂತಲ್ಲ ಎಂದು ಕಿಚಾಯಿಸಬೇಕೆಂದಿದ್ದೆ. ಆ ವಾಸನೆ ಬಡಿದದ್ದೇ ತಡ, ಕಟ್ಟಬೆಟ್ಟಿನಾಚೆಯ ನಮ್ಮ ಹಟ್ಟಿಯ ಹಳೆಯ ಮನೆಯೊಳಗಿದ್ದೆ. ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು, ಒಲೆಯ ಮೇಲಿನ ಅಟ್ಟದಲ್ಲಿ ಒಣಗುವ ಸೌದೆ, ಹೊಸಿಲಲ್ಲಿ ಬಿಳಿ ಬಟ್ಟೆ ಸುತ್ತಿ ಕೂತ ಹೆತ್ತೆ. ಅಜ್ಜಿಯನ್ನು ನಾವು ಕರೆಯುವುದೇ ಹಾಗೆ. ಅವಳ ಹಣೆಯಲ್ಲೂ ತೋಳಲ್ಲೂ ಹಸಿರು ಹಚ್ಚೆಯ ಚುಕ್ಕಿಗಳು, ಕೆನ್ನೆ ತುಂಬ ಸಿಡುಬಿನ ಕುಳಿಗಳು. ಅವಳನ್ನು ಉಳಿಸಿದ ಆ ಬೇನೆ ಅವಳ ಪುಟ್ಟ ಮಗಳನ್ನು ಒಯ್ದಿತ್ತು. ಆ ಮಗಳ ಹೆಸರನ್ನೇ ನನಗೆ ಇಟ್ಟಿದ್ದರು.

ನಾನು ಚಿಕ್ಕವಳಿದ್ದಾಗ ಒಂದು ವರ್ಷ ಕೆಳಗಿನ ಎಸ್ಟೇಟಿನ ಕೂಲಿ ಲೈನಿನಲ್ಲಿ ಸಿಡುಬು ಕಾಣಿಸಿತು. ಹಿಂದೆಯೇ ಚುಚ್ಚುಮದ್ದಿನವನೊಬ್ಬ ಪೆಟ್ಟಿಗೆ ಹಿಡಿದು ಹಟ್ಟಿ ಹತ್ತಿ ಬಂದ. ಅಮ್ಮೆಯೆಂದರೆ ಸಿಡುಬಿನ ದೇವಿ, ಕುತ್ತುವುದೆಂದರೆ ಚುಚ್ಚುವುದು; ಅವನಿಗೆ ನಮ್ಮಲ್ಲಿ ‘ಅಮ್ಮೆ ಕುತ್ತುವವ’ ಎಂದೇ ಹೆಸರು. ಹೆಂಗಸರೆಲ್ಲ ಮಕ್ಕಳನ್ನು ಒಳಗೆಳೆದು ಬಾಗಿಲು ಹಾಕಿದರು. ನನ್ನ ತಾಯಿಯಂತೂ ನನ್ನನ್ನು ಆಲೂಗಡ್ಡೆ ಮೂಟೆಗಳ ಹಿಂದೆ ಅಡಗಿಸಿದಳು. ಹೆತ್ತೆ ಬಿಡಬೇಕಲ್ಲ, ಜಡೆ ಹಿಡಿದು ಹೊರಗೆಳೆದಳು. “ಒಬ್ಬಳನ್ನ ಕೊಟ್ಟಾಯ್ತು, ಇವಳನ್ನ ಕೊಡಲಾರೆ. ಕುತ್ತಪ್ಪಾ” ಎಂದಳು. ನಾನು ಹಟ್ಟಿಯೇ ಹಾರಿಹೋಗುವ ಹಾಗೆ ಕಿರುಚಿದೆ. “ಏನೂ ಹಚ್ಚಬೇಡಿ ಪಾಟಿ, ನೀರೂ ಸೋಕಿಸಬೇಡಿ. ಮದ್ದು ಹತ್ತಿತಾ ಅಂತ ನೋಡೋಕೆ ವಾರ ಬಿಟ್ಟು ಬರ್ತೀನಿ” ಎಂದ ಆತ; ಪಾಟಿ ಎಂದರೆ ಅವನ ಮಾತಿನಲ್ಲಿ ಅಜ್ಜಿ. ಹೆತ್ತೆ ಬಲು ವಿನಯದಿಂದ ತಲೆಯಾಡಿಸಿದಳು. ಅವನ ಬೆನ್ನು ತಿರುಗಿದ್ದೇ ದೀಪದ ಮಸಿ ಕೆರೆದು, ಹರಳೆಣ್ಣೆಯಲ್ಲಿ ಕಲಸಿ, ಹಸಿ ಗಾಯಕ್ಕೆ ಚೆನ್ನಾಗಿ ತಿಕ್ಕಿದಳು. ಜಕ್ಕಲ ಗಿಡದ ಮುಳ್ಳಿನಿಂದ ಹಚ್ಚೆ ಚುಚ್ಚಿದ ಮೇಲೆ ನಮ್ಮವರು ಮಾಡುತ್ತಿದ್ದದ್ದೇ ಅದು. “ಮಸಿ ಇಡದೆ ಕುತ್ತಿದರೆ ಗುರುತು ನಿಲ್ಲುವುದಾ? ಗುರುತು ಕಾಣದಿದ್ದರೆ, ಇಲ್ಲಿಗೆ ಆಗಲೇ ಬಂದಾಯ್ತು ಅಂತ ಅಮ್ಮೆ ವಾಪಸ್ ಹೋಗುವುದು ಹ್ಯಾಂಗೆ?” ಎಂದು ನನ್ನನ್ನೇ ಕೇಳಿದಳು.

ತೋಳು ಊದಿ ಜ್ವರ ಏರಿತು. ಹೆತ್ತೆ ನನ್ನ ಪಕ್ಕ ಬಿಟ್ಟು ಏಳಲಿಲ್ಲ. ಹೇಳಿದಂತೆ ಬಂದ ಅಮ್ಮೆ ಕುತ್ತುವವ ನನ್ನ ತೋಳು ನೋಡಿ ಹೌಹಾರಿದ. “ಅಯ್ಯೋ ಪಾಟಿ, ಇದೆಂಥ ಕೆಲಸ ಮಾಡಿಟ್ರಿ! ಕೆಟ್ಟಿದ್ದರೆ ಏನು ಗತಿ?” ಹುಲಿ ಬಂತೆಂದರೂ ಅಲುಗದ ನನ್ನ ಹೆತ್ತೆ ಅಂದು ನನ್ನ ಇನ್ನೊಂದು ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಆತ ಹತ್ತಿಯಿಂದ ಮೆಲ್ಲಗೆ ಒರೆಸಿ, ನನ್ನನ್ನು ಬಾಗಿಲ ಬೆಳಕಿಗೆ ಎಳೆದು ಬಗ್ಗಿ ನೋಡಿದ. “ಹತ್ತಿದೆ” ಎಂದ. ಬಗ್ಗಿದ್ದ ಆ ತಲೆಯ ಮೇಲೆಯೇ ಹೆತ್ತೆ ಕೈಯಿಟ್ಟಳು. ಕಿರಿಯರು ಬಾಗಿದರೆ ಹಿರಿಯರು ತಲೆ ಮುಟ್ಟಿ ಹರಸುವುದು ನಮ್ಮ ಪದ್ಧತಿ; ಹರಕೆಯೋ ಬಲು ಉದ್ದ. ಮನೆ ತುಂಬಲಿ, ಮಕ್ಕಳಾಗಲಿ, ಹಾಲುಂಟಾಗಲಿ ಎಂದು ಅವಳು ಹೇಳುತ್ತಲೇ ಹೋದಳು. ಪಾಪ, ಆತ ಪೆಟ್ಟಿಗೆ ಹಿಡಿದು ಕತ್ತು ಬಗ್ಗಿಸಿಯೇ ನಿಂತಿದ್ದ. ಅದನ್ನು ಕಂಡು ಉಳಿದ ಬಾಗಿಲುಗಳೂ ಒಂದೊಂದಾಗಿ ತೆರೆದವು.

ನನ್ನ ವಯಸ್ಸಿನವರಾದರೆ ನಿಮ್ಮ ತೋಳಲ್ಲೂ ಆ ಚುಚ್ಚುಮದ್ದಿನ ಬಿಳಿ ಕಲೆಯೊಂದಿರುತ್ತದೆ. ನನ್ನದು ಮಾತ್ರ ಹಸಿರು. ಸಿಡುಬು ಹಟ್ಟಿಗೆ ಬರಲಿಲ್ಲ, ಆಮೇಲೆ ಲೋಕವನ್ನೇ ಬಿಟ್ಟಿತು. ಹೆತ್ತೆಯೂ ಹೋದಳು, ಸಾಲುಮನೆಯ ಜಾಗದಲ್ಲಿ ಈಗ ಟೀ ಎಲೆ ತೂಗುವ ಶೆಡ್ಡು ಇದೆ. ಆದರೂ ಆ ಕಲೆ ಮುಟ್ಟಿಕೊಂಡಾಗೆಲ್ಲ ನನಗೆ ಹಿತವೇ ಆಗುತ್ತದೆ, ಹೆತ್ತೆಗೆ ಅಷ್ಟು ಬೇಕಾದವಳಾಗಿದ್ದೆನಲ್ಲ ಎಂದು.

ಇದನ್ನೆಲ್ಲ ಕೇಳಿದ ಮೊಮ್ಮಗಳು ನನ್ನ ತೋಳನ್ನು ತನ್ನ ಮಡಿಲಿಗೆಳೆದುಕೊಂಡಳು. “ಮಾಸ್ತಾ ಇದೆಯಲ್ಲ ಹೆತ್ತೆ” ಎನ್ನುತ್ತ ಬೆರಳನ್ನು ಡಬ್ಬಿಯಲ್ಲಿ ಅದ್ದಿ, ಆ ಕಲೆಯ ಮೇಲೆ ಕಾಡಿಗೆ ತಿಕ್ಕತೊಡಗಿದಳು.